ಕನಸಿನಲ್ಲಿ ಓಡುವ ಕೊತ್ತಿಯ ಕಾಲು ಯಾಕೆ ಓಡುವುದಿಲ್ಲ?

ಬೆಕ್ಕು ಮುಂಗಾಲು ಎದೆಯಡಿಗೆ ಮಡಚಿಕೊಂಡು, ತಲೆ ನೆಟ್ಟಗಿಟ್ಟು, ಕಣ್ಣು ಅರ್ಧ ಮುಚ್ಚಿ ಕೂತಿದೆ ಅಂದುಕೊಳ್ಳಿ. ಅದು ತೂಕಡಿಸುತ್ತಿದೆ. ಒಂದು ಜೋಂಪೂ ಹತ್ತಿರಬಹುದು. ಆದರೆ ಕನಸಿನ ನಿದ್ದೆ ಇನ್ನೂ ಶುರುವಾಗಿಲ್ಲ. ಆ ನಿದ್ದೆಗೆ ಜಾರಿದ ಬೆಕ್ಕಿಗೆ ಕತ್ತು ಎತ್ತಿ ಹಿಡಿಯಲು ಆಗುವುದಿಲ್ಲ, ಕತ್ತಿನ ಸ್ನಾಯು ಪೂರ್ತಿ ಸಡಿಲವಾಗಿಬಿಡುತ್ತದೆ. ಅದು ಮಗ್ಗುಲಿಗೆ ಒರಗಬೇಕು, ಇಲ್ಲವೇ ತಲೆಯನ್ನು ಎಲ್ಲಾದರೂ ಊರಬೇಕು. ಆಮೇಲೆ ನೋಡಿ, ಮೀಸೆ ಅದುರುತ್ತದೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡುತ್ತದೆ. ಪಂಜ ಒಂದೆರಡು ಸಲ ಮಿಡಿಯುತ್ತದೆ.

ನಮ್ಮ ಮಂಡ್ಯದ ಕಡೆ ಹಳ್ಳಿಯ ಅಜ್ಜಿಯರು ಇದನ್ನು ಕಂಡರೆ, "ಕೊತ್ತಿ ಕನಸಲ್ಲಿ ಇಲಿ ಹಿಡೀತಾ ಅದೆ ಕಣ್ ಮಗ, ಎಬ್ಬಿಸಬ್ಯಾಡ" ಅನ್ನುತ್ತಾರೆ. ಈ ಮಾತಿನಲ್ಲಿ ಎಷ್ಟು ನಿಜ ಇದೆ ಎಂದು ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ತಿಳಿದಾಗ ಬೆಕ್ಕಿನ ವಿಷಯಕ್ಕಿಂತ ನಮ್ಮ ವಿಷಯವೇ ಜಾಸ್ತಿ ತಿಳಿಯಿತು.

1953ರವರೆಗೂ ನಿದ್ದೆ ಎಂದರೆ ಮಿದುಳು ಸುಮ್ನೆ ಬಿದ್ದಿರುವ ಹೊತ್ತು ಎಂದೇ ಹೆಚ್ಚಿನವರು ನಂಬಿದ್ದರು. ಆ ವರ್ಷ ಶಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಅಸೆರಿನ್ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಒಂದು ಸಂಗತಿ ವರದಿ ಮಾಡಿದರು. ಮಲಗಿದ ಮನುಷ್ಯನ ಕಣ್ಣುಗುಡ್ಡೆಗಳು ರಾತ್ರಿಯಲ್ಲಿ ಆಗಾಗ ಸರಸರನೆ ಓಡಾಡುತ್ತವೆ. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಬಹಳ ಜನ ಕನಸು ಕಾಣುತ್ತಿದ್ದೆ ಅನ್ನುತ್ತಾರೆ. ಅಸೆರಿನ್ಸ್ಕಿ ತಮ್ಮ ಎಂಟು ವರ್ಷದ ಮಗನನ್ನೇ ಮಲಗಿಸಿ, ಅವನ ತಲೆಗೆ ತಂತಿ ಅಂಟಿಸಿ ಈ ಅಳತೆಗಳನ್ನು ತೆಗೆದಿದ್ದರು. ಈ ನಿದ್ದೆಗೆ ರೆಮ್ ನಿದ್ದೆ, ಅಂದರೆ ಕಣ್ಣು ಸರಸರನೆ ಓಡಾಡುವ ನಿದ್ದೆ, ಎಂಬ ಹೆಸರು ಬಂತು. ದೊಡ್ಡವರಲ್ಲಿ ಇದು ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ. ಇಡೀ ರಾತ್ರಿಯ ನಿದ್ದೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇದೇ. ಹುಟ್ಟಿದ ಮಗುವಿನಲ್ಲಿ ಅರ್ಧದಷ್ಟು. ತೊಟ್ಟಿಲಲ್ಲಿ ಮಲಗಿದ ಕೂಸು ನಗುವುದು, ತುಟಿ ಚೀಪುವುದು ಹೆಚ್ಚಾಗಿ ಈ ಹೊತ್ತಿನಲ್ಲೇ.

ಬೆಕ್ಕು ಈ ಕಥೆಗೆ ಬರುವುದು ಫ್ರಾನ್ಸಿನ ಲಿಯಾನ್ ನಗರದಲ್ಲಿ. ಅಲ್ಲಿನ ಮಿಶೆಲ್ ಜುವೆ ಬೆಕ್ಕುಗಳ ಮಿದುಳಿನ ಜೊತೆಗೆ ಕತ್ತಿನ ಸ್ನಾಯುವಿನ ವಿದ್ಯುತ್ತನ್ನೂ ಅಳೆಯುತ್ತಿದ್ದರು. 1959ರಲ್ಲಿ ಅವರ ತಂಡ ವಿಚಿತ್ರವಾದ ಒಂದು ಸ್ಥಿತಿಯನ್ನು ವಿವರಿಸಿತು. ಮಿದುಳು ಎಚ್ಚರದಲ್ಲಿ ಇರುವಷ್ಟೇ ಚುರುಕಾಗಿದೆ. ಆದರೆ ಕತ್ತಿನ ಸ್ನಾಯುವಿನಿಂದ ಏನೂ ಇಲ್ಲ, ಗೆರೆ ಚಪ್ಪಟೆ. ಇದು ಅದೇ ರೆಮ್ ನಿದ್ದೆ. ಜುವೆ ಇದನ್ನು ವಿರೋಧಾಭಾಸದ ನಿದ್ದೆ ಎಂದು ಕರೆದರು.

ಟ್ರ್ಯಾಕ್ಟರಿನ ಎಂಜಿನ್ ಜೋರಾಗಿ ಓಡುತ್ತಿದ್ದು, ಯಾರೋ ಕ್ಲಚ್ ಒತ್ತಿ ಹಿಡಿದಿದ್ದರೆ ಚಕ್ರ ತಿರುಗುವುದಿಲ್ಲ ಅಲ್ವಾ, ಹಾಗೆ. ಈ ಕ್ಲಚ್ ಇರುವುದು ಮಿದುಳಿನ ಬುಡದಲ್ಲಿ, ಪಾನ್ಸ್ ಎಂಬ ಭಾಗದಲ್ಲಿ. ಕನಸಿನ ನಿದ್ದೆ ಶುರುವಾದಾಗ ಅಲ್ಲಿಂದ ಹೊರಟ ಸಂದೇಶ ಬೆನ್ನುಹುರಿಗೆ ಇಳಿದು, ಕೈಕಾಲು ಆಡಿಸುವ ನರಕೋಶಗಳನ್ನು ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳಿಂದ ತಡೆದು ನಿಲ್ಲಿಸುತ್ತದೆ. ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಾದ ವಪೆಗೂ ಕಣ್ಣಿನ ಸ್ನಾಯುಗಳಿಗೂ ಈ ತಡೆ ಇಲ್ಲ. ಆಗಾಗ ಒಂದೊಂದು ಸಣ್ಣ ಸಂದೇಶ ತಡೆ ದಾಟಿ ಬಂದುಬಿಡುತ್ತದೆ. ಬೆಕ್ಕಿನ ಮೀಸೆ, ಪಂಜ ಅದುರುವುದು ಅದರಿಂದಲೇ.

ಆಮೇಲೆ ಜುವೆ ಮಾಡಿದ ಪ್ರಯೋಗವನ್ನು ಓದುವಾಗ ನನಗೆ ಸಂಕಟವಾಗುತ್ತದೆ, ಹೇಳದೆ ಇರಲಾರೆ. ಬೆಕ್ಕುಗಳ ಪಾನ್ಸ್‌ನಲ್ಲಿ ಒಂದು ಚಿಕ್ಕ ಜಾಗವನ್ನು ಅವರು ನಾಶ ಮಾಡಿದರು. ಕ್ಲಚ್ ಹೋಯಿತು. ಆ ಬೆಕ್ಕುಗಳು ಎಂದಿನಂತೆ ಮಲಗಿದವು. ಕನಸಿನ ನಿದ್ದೆ ಬಂದ ಕೂಡಲೇ ತಲೆ ಎತ್ತಿದವು, ಎದ್ದು ನಿಂತವು, ಏನನ್ನೋ ದಿಟ್ಟಿಸಿ ಹೊಂಚು ಹಾಕಿದವು, ಮುಂದೆ ಏನೂ ಇಲ್ಲದಿದ್ದರೂ ಎಗರಿ ಪಂಜ ಬೀಸಿದವು. ಎದುರಿಗೆ ತಿಂಡಿ ಇಟ್ಟರೆ ಅದರ ಕಡೆ ಗಮನವೇ ಇಲ್ಲ. ಅವು ಇನ್ನೂ ನಿದ್ದೆಯಲ್ಲೇ ಇದ್ದವು. ಬೆಕ್ಕಿಗೆ ಬಾಯಿಲ್ಲ, ತನ್ನ ಕನಸು ಇಂಥದ್ದು ಎಂದು ಹೇಳಲಾರದು. ಆದರೂ ಅಜ್ಜಿಯ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ.

ಕನಸಿನ ನಿದ್ದೆಯಲ್ಲಿ ಇನ್ನೊಂದು ವ್ಯವಸ್ಥೆಯೂ ಮಂಕಾಗುತ್ತದೆ. ಬೆಕ್ಕಿಗೆ ಆಗ ಚಳಿಗೆ ನಡುಗಲು ಬರುವುದಿಲ್ಲ, ಸೆಕೆಗೆ ಏದುಸಿರು ಬಿಡಲೂ ಬರುವುದಿಲ್ಲ. ಸುತ್ತ ಚಳಿ ಜಾಸ್ತಿ ಇದ್ದರೆ ರೆಮ್ ನಿದ್ದೆಯೇ ಕಡಿಮೆಯಾಗುತ್ತದೆ. ಮಾಗಿಯ ಚಳಿಯಲ್ಲಿ ಕೊತ್ತಿ ಬಚ್ಚಲ ಹಂಡೆ ಒಲೆಯ ಪಕ್ಕ, ಬೂದಿಯ ಬಿಸಿ ಬಿಟ್ಟು ಕದಲುವುದಿಲ್ಲ. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುವ ಪ್ರಾಣಿಗೆ ಜಾಗದ ಆಯ್ಕೆ ಸಣ್ಣ ವಿಷಯವಲ್ಲ.

ಈಗ ನಮ್ಮ ಮಾತಿಗೆ ಬರೋಣ. ಕ್ಲಚ್ ಎರಡು ರೀತಿ ಕೈಕೊಡಬಹುದು. ಒಂದು, ಎಚ್ಚರವಾದ ಮೇಲೂ ಬಿಡದೆ ಹಿಡಿದುಕೊಳ್ಳುವುದು. ಕಣ್ಣು ತೆರೆದಿದೆ, ತೊಲೆ ಕಾಣುತ್ತಿದೆ, ಗೋಡೆ ಗಡಿಯಾರ ಕೇಳುತ್ತಿದೆ. ಆದರೆ ಬೆರಳೂ ಅಲ್ಲಾಡದು, ಕೂಗಿದರೆ ದನಿ ಹೊರಡದು. ಎದೆಯ ಮೇಲೆ ಯಾರೋ ಕೂತ ಹಾಗೆ. ಬಾಗಿಲ ಹತ್ತಿರ ನೆರಳು ನಿಂತ ಹಾಗೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ, ಆಮೇಲೆ ತಾನೇ ಬಿಡುತ್ತದೆ. "ದೆವ್ವ ಅಮರ್ಕೊಂಡಿತ್ತು", "ಗಾಳಿ ಸೋಕ್ಯದೆ" ಎಂದು ಜನ ಹೇಳುವ ಎಷ್ಟೋ ಅನುಭವಗಳು ಇದೇ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಇನ್ನೂ ಸಡಿಲವಾಗಿದ್ದು, ವಪೆ ಒಂದೇ ಉಸಿರಾಡಿಸುತ್ತಿರುವುದರಿಂದ ಎದೆ ಭಾರ ಅನಿಸುತ್ತದೆ. ನೆರಳು ಕಾಣುವುದು ಕನಸಿನ ಚೂರು ಎಚ್ಚರದೊಳಗೆ ಉಳಿದಿರುವುದರಿಂದ.

ನಿದ್ದೆ ಕೆಟ್ಟವರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಮಲಗುವವರಿಗೆ, ಅಂಗಾತ ಮಲಗಿದಾಗ ಇದು ಜಾಸ್ತಿ. ನಾಲೆಯಲ್ಲಿ ನೀರು ಬಿಟ್ಟಾಗ ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟುವವರು, ಪಂಪ್‌ಸೆಟ್ಟಿಗೆ ಕರೆಂಟ್ ಬರುವುದನ್ನೇ ಕಾದು ನಡುರಾತ್ರಿ ಎದ್ದು ಹೋಗುವವರು, ಆಲೆಮನೆಯಲ್ಲಿ ಒಲೆ ಮುಂದೆ ಬೆಳಗು ಮಾಡುವವರು ನಮ್ಮಲ್ಲಿ ಎಷ್ಟು ಜನ! ಅವರಿಗೆ ಹೀಗಾದರೆ ಮೊದಲು ಯೋಚಿಸಬೇಕಾದದ್ದು ನಿದ್ದೆಯ ಬಗ್ಗೆ. ತಾಯತ ಕಟ್ಟಿಸಿದರೆ ಮನಸ್ಸಿಗೆ ಧೈರ್ಯ ಬರುತ್ತದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಕಳೆದುಹೋದ ನಿದ್ದೆ ಅದರಿಂದ ಮರಳುವುದಿಲ್ಲ. ಒಮ್ಮೊಮ್ಮೆ ಬಂದು ಹೋಗುವ ಈ ಹಿಡಿತ ಅಪಾಯಕಾರಿಯಲ್ಲ. ಹಗಲಿನಲ್ಲಿ ತಡೆಯಲಾರದ ನಿದ್ದೆಯೂ ಜೊತೆಗಿದ್ದರೆ ಡಾಕ್ಟರಿಗೆ ತೋರಿಸಬೇಕು.

ಎರಡನೆಯದು ಇದರ ಉಲ್ಟಾ, ಜುವೆಯ ಬೆಕ್ಕುಗಳಿಗೆ ಆದದ್ದು. ಕನಸು ನಡೆಯುತ್ತಿರುವಾಗಲೇ ಕ್ಲಚ್ ಬಿಟ್ಟುಹೋಗುವುದು. 1986ರಲ್ಲಿ ಅಮೆರಿಕದ ಮಿನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಇದನ್ನು ಮನುಷ್ಯರಲ್ಲಿ ಒಂದು ಕಾಯಿಲೆಯಾಗಿ ಗುರುತಿಸಿದರು. 50 ದಾಟಿದ ಗಂಡಸರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ನಿದ್ದೆಯಲ್ಲಿ ಬೈಯುವುದು, ಗುದ್ದುವುದು, ಒದೆಯುವುದು, ಮಂಚದಿಂದ ಹಾರಿ ಬೀಳುವುದು. ಎಬ್ಬಿಸಿದರೆ, ಕಳ್ಳನ ಹಿಂದೆ ಓಡುತ್ತಿದ್ದೆ, ನಾಯಿ ಅಟ್ಟಿಸಿಕೊಂಡು ಬಂತು ಎಂದು ಕನಸನ್ನು ಹೇಳುತ್ತಾರೆ. ಮಕ್ಕಳು ನಿದ್ದೆಯಲ್ಲಿ ಎದ್ದು ನಡೆಯುವುದೇ ಬೇರೆ. ಅದು ಗಾಢ ನಿದ್ದೆಯಲ್ಲಿ ಆಗುವಂಥದ್ದು, ಬೆಳೆಯುತ್ತಾ ಹೆಚ್ಚಿನವರಿಗೆ ತಾನೇ ಹೋಗುತ್ತದೆ.

ನನ್ನನ್ನು ಕಾಡುವುದು ಇಂಥವರ ಮನೆಯೊಳಗಿನ ಮೌನ. ಹಗಲು ಸಾಧುವಾದ ಗಂಡ ರಾತ್ರಿ ಹೊಡೆದ ಎಂದು ಹೆಂಡತಿ ಯಾರಿಗೆ ಹೇಳಬೇಕು? ಆತ ಬೇಕೆಂದು ಮಾಡಿದ್ದಲ್ಲ, ಅವನೊಳಗೆ ದೆವ್ವವೂ ಹೊಕ್ಕಿಲ್ಲ. ಈ ತೊಂದರೆ ಇರುವ ಬಹಳ ಜನರಿಗೆ ಎಷ್ಟೋ ವರ್ಷಗಳ ನಂತರ, ಕೆಲವೊಮ್ಮೆ ಹತ್ತು ವರ್ಷಕ್ಕೂ ಮೇಲೆ, ಕೈ ನಡುಗಿಸುವ ಪಾರ್ಕಿನ್ಸನ್ ಅಥವಾ ಅದರ ನೆಂಟನಾದ ಮರೆವಿನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕೈ ನಡುಗುವುದಕ್ಕೆ ಮೊದಲೇ ಕಾಯಿಲೆ ಮಿದುಳಿನ ಬುಡದ ಆ ಜಾಗವನ್ನು ಮುಟ್ಟಿರುತ್ತದೆ. ಎಲ್ಲರಿಗೂ ಹಾಗೆ ಆಗುವುದಿಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ನಿದ್ದೆಯ ಈ ಒದ್ದಾಟ ಬರುತ್ತದೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರೂ ಹೀಗೇ ಒದ್ದಾಡಬಹುದು. ಯಾವುದು ಎಂದು ತಿಳಿಯಲು ಒಂದು ರಾತ್ರಿ ಮಲಗಿಸಿ ಮಿದುಳು, ಕಣ್ಣು, ಸ್ನಾಯು, ಉಸಿರು ಎಲ್ಲವನ್ನೂ ಅಳೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಈ ಪರೀಕ್ಷೆ ಇದೆ.

ನರರೋಗ ತಜ್ಞರ ಹತ್ತಿರ ಹೋಗುವಾಗ ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೊ ಬಹಳ ಸಹಾಯಕ್ಕೆ ಬರುತ್ತದೆ. ಕ್ಲೊನಾಜೆಪಾಮ್ ಅಥವಾ ಮೆಲಟೋನಿನ್ ಕೊಟ್ಟರೆ ಹಲವರಿಗೆ ಒದ್ದಾಟ ತಗ್ಗುತ್ತದೆ, ಆದರೆ ಅದನ್ನು ವೈದ್ಯರೇ ಬರೆದುಕೊಡಬೇಕು. ಅಲ್ಲಿಯವರೆಗೆ ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಸಿ. ಕುಡುಗೋಲು, ಮಚ್ಚು, ಗಾಜಿನ ಲೋಟ ಹತ್ತಿರ ಇಡಬೇಡಿ. ಹೆಂಡತಿ ಸ್ವಲ್ಪ ದಿನ ಬೇರೆ ಹಾಸಿಗೆಯಲ್ಲಿ ಮಲಗಲಿ. ಅದಕ್ಕೆ ಯಾರೂ ಬೇರೆ ಅರ್ಥ ಕಟ್ಟಬೇಕಿಲ್ಲ.