‘ಮಿರ್ಜಾ ನೌಶಾ’ ಎಂದು ಅಚ್ಚಾದರೆ ನಾನು ಕೆಟ್ಟೆ: ಪುಸ್ತಕಗಳ ಬೆನ್ನುಹತ್ತಿದ ಗಾಲಿಬನ ಪತ್ರಗಳು

ದೆಹಲಿಗೆ ಧಿಕ್ಕಾರ, ಅದರ ನೀರಿಗೆ ಧಿಕ್ಕಾರ, ಅಲ್ಲಿಯ ಅಚ್ಚಿಗೂ ಧಿಕ್ಕಾರ! 1861ರಲ್ಲಿ ತನ್ನ ಉರ್ದು ದಿವಾನ್‌ನ, ಅಂದರೆ ಕವನ ಸಂಗ್ರಹದ, ಮೂರನೆಯ ಮುದ್ರಣ ಕೈಗೆ ಬಂದಾಗ ಮಿರ್ಜಾ ಗಾಲಿಬ್ ತನ್ನ ಶಿಷ್ಯ ಮೀರ್ ಮೆಹದಿ ಮಜ್ರೂಹ್‌ಗೆ ಬರೆದ ಪತ್ರದ ಧಾಟಿ ಇದು. ಲಖನೌದ ಮುದ್ರಕರು ಯಾರ ದಿವಾನ್ ಅಚ್ಚುಹಾಕಿದರೂ ಆ ಕವಿಯನ್ನು ಆಕಾಶಕ್ಕೇರಿಸುತ್ತಾರೆ, ಇಲ್ಲಿಯವರು ನಾಯಿಯನ್ನು ಕೂಗುವಂತೆ ಕವಿಯನ್ನು ಕೂಗುತ್ತಾರೆ ಎಂದು ಅವನ ಅಳಲು. ಪ್ರತಿಯೊಂದು ಹಾಳೆಯ ಕರಡನ್ನೂ ತಾನೇ ತಿದ್ದಿ ಕಳಿಸಿದ್ದ. ಪುಸ್ತಕ ಬಿಚ್ಚಿದರೆ ತಪ್ಪುಗಳೆಲ್ಲ ಇದ್ದಲ್ಲೇ ಇವೆ. ಕೊನೆಗೆ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಅವನೇ ತಯಾರಿಸಿ ಸೇರಿಸಬೇಕಾಯಿತು. ಗ್ರಂಥಕರ್ತನಿಗೆಂದು ಸಿಕ್ಕದ್ದು ಒಂದು ಪ್ರತಿ. ಉಳಿದವು ಬೇಕಿದ್ದರೆ ಹಣ ಕೊಟ್ಟು ಕೊಳ್ಳಬೇಕು.

ಗಾಲಿಬನ ಉರ್ದು ಪತ್ರಗಳನ್ನು ಅವುಗಳ ಮಾತುಗಾರಿಕೆಗಾಗಿ, ತುಂಟತನಕ್ಕಾಗಿ, 1857ರ ನಂತರದ ದೆಹಲಿಯ ದುಃಖಕ್ಕಾಗಿ ಓದುವವರು ಬಹಳ. ಅಚ್ಚುಕೂಟದ ಲೆಕ್ಕಾಚಾರವಿರುವ ಪತ್ರಗಳನ್ನು ಮಾತ್ರ ಹೆಚ್ಚಿನವರು ಸರಸರನೆ ದಾಟಿಬಿಡುತ್ತಾರೆ. ನನಗೆ ಅವೇ ಹೆಚ್ಚು ರುಚಿಸುತ್ತವೆ. ಹಸ್ತಪ್ರತಿಯ ಕಾಲದಲ್ಲಿ ಬೆಳೆದ ಕವಿಯೊಬ್ಬ ಅರವತ್ತರ ಅಂಚಿನಲ್ಲಿ ಮುದ್ರಕ, ಲಿಪಿಕಾರ, ರಟ್ಟು ಕಟ್ಟುವವನು, ಅಂಚೆ ಎಲ್ಲದರೊಡನೆ ಗುದ್ದಾಡುವುದು ಅಲ್ಲಿ ಕಾಣುತ್ತದೆ.

ಆಗ್ರಾದಲ್ಲಿ 1797ರಲ್ಲಿ ಹುಟ್ಟಿದ ಗಾಲಿಬನ ಉರ್ದು ದಿವಾನ್ ಮೊದಲು ಅಚ್ಚಾದದ್ದು 1841ರಲ್ಲಿ, ದೆಹಲಿಯಲ್ಲಿ. ಎರಡನೆಯ ಮುದ್ರಣ 1847ರಲ್ಲಿ. ಆ ದಿನಗಳಲ್ಲಿ ಮುದ್ರಿತ ಪುಸ್ತಕ ಅವನಿಗೆ ಬದುಕಿನ ಪ್ರಶ್ನೆಯಾಗಿರಲಿಲ್ಲ. ಮುಶಾಯಿರಾ, ಅಂದರೆ ಕವಿಗೋಷ್ಠಿ, ಇತ್ತು, ಗಜಲನ್ನು ನಕಲು ಮಾಡಿಕೊಳ್ಳುವ ಗೆಳೆಯರಿದ್ದರು. 1850ರಿಂದ ಮೊಘಲ್ ದೊರೆಯ ಇತಿಹಾಸ ಬರೆಯುವುದಕ್ಕೆಂದು ತಿಂಗಳಿಗೆ 50 ರೂಪಾಯಿ ಬರುತ್ತಿತ್ತು. ಚಿಕ್ಕಪ್ಪನ ಸೇವೆಯ ಲೆಕ್ಕದಲ್ಲಿ ಕಂಪನಿ ಸರಕಾರದಿಂದ ತಿಂಗಳಿಗೆ 62 ರೂಪಾಯಿ 8 ಆಣೆಯ ಪಿಂಚಣಿ ಇತ್ತು. ತನ್ನ ಪದ್ಯಗಳನ್ನು ಗಾಲಿಬ್ ತಾನು ಕೂಡಿಡುತ್ತಲೇ ಇರಲಿಲ್ಲ. ನವಾಬ್ ಜಿಯಾವುದ್ದೀನ್ ಖಾನ್ ಮತ್ತು ಹುಸೇನ್ ಮಿರ್ಜಾ ಎಂಬ ಇಬ್ಬರು ಆತ್ಮೀಯರು ಬರೆದದ್ದೆಲ್ಲವನ್ನೂ ಸಂಗ್ರಹಿಸುತ್ತಿದ್ದರು.

1857 ಇದೆಲ್ಲವನ್ನೂ ಗುಡಿಸಿಹಾಕಿತು. ದೊರೆ ರಂಗೂನಿಗೆ ಗಡೀಪಾರಾದ, ಪಿಂಚಣಿ ನಿಂತಿತು. ಆ ಇಬ್ಬರು ಆತ್ಮೀಯರ ಮನೆಗಳು ಲೂಟಿಯಾಗಿ, ಸಾವಿರಾರು ರೂಪಾಯಿ ಬೆಲೆಬಾಳುವ ಪುಸ್ತಕ ಭಂಡಾರಗಳೊಡನೆ ಗಾಲಿಬನ ಕಾವ್ಯವೂ ಹೋಯಿತು. ಆಗ್ರಾದ ಗೆಳೆಯ ಹಾತಿಮ್ ಅಲಿ ಬೇಗ್ ಮೆಹರ್‌ಗೆ ಅವನು ಬರೆದ ಪತ್ರವೊಂದಿದೆ: ಒಳ್ಳೆಯ ಕಂಠದ ಫಕೀರನೊಬ್ಬ ಎಲ್ಲಿಂದಲೋ ಗಾಲಿಬನದೇ ಒಂದು ಗಜಲನ್ನು ಬರೆಸಿಕೊಂಡು ಬಂದಿದ್ದ, ಆ ಕಾಗದ ನೋಡಿ ತನಗೆ ಅಳು ಬಂತು ಎಂದು. ನಾಲ್ಕಾರು ಮನೆಗಳ ಕಪಾಟಿನಲ್ಲಿ ಭದ್ರವೆಂದುಕೊಂಡದ್ದು ಒಂದೇ ವರ್ಷದಲ್ಲಿ ಇಲ್ಲವಾಗಬಹುದು ಎಂಬುದು ಅವನಿಗೆ ತಿಳಿದದ್ದು ಹೀಗೆ. ಈ ಘಟ್ಟದಿಂದ ಅವನ ಪತ್ರಗಳಲ್ಲಿ ಅಚ್ಚಿನ ಮಾತು ದಟ್ಟವಾಗುತ್ತದೆ.

ಆದರೆ ಮೊದಲು ಅಚ್ಚಿಗೆ ಹೋದದ್ದು ಕಾವ್ಯವಲ್ಲ, ‘ದಸ್ತಂಬೂ’. 1857ರ ಮೇ ತಿಂಗಳಿನಿಂದ 1858ರ ಜುಲೈವರೆಗಿನ ದೆಹಲಿಯ ವೃತ್ತಾಂತ ಅದು. ಅರಬ್ಬಿ ಪದಗಳನ್ನು ಹಟದಿಂದ ದೂರವಿಟ್ಟು ಬರೆದ ಪಾರಸಿ ಗದ್ಯ. ದಂಗೆಕೋರರ ಜೊತೆ ತನಗೆ ಸಂಬಂಧವಿರಲಿಲ್ಲ ಎಂದು ತೋರಿಸಿ, ಪಿಂಚಣಿಯನ್ನೂ ದರ್ಬಾರಿನ ಸ್ಥಾನವನ್ನೂ ಮರಳಿ ಪಡೆಯುವುದು ಉದ್ದೇಶ. ಜೊತೆಗೆ ವಿಕ್ಟೋರಿಯಾ ರಾಣಿಯನ್ನು ಹೊಗಳುವ ಒಂದು ಕಸೀದಾ, ಅಂದರೆ ಪ್ರಶಸ್ತಿ ಪದ್ಯ. ನೇರವಾಗಿ ಹೇಳುವುದಾದರೆ ಪುಸ್ತಕದ ರೂಪದಲ್ಲಿ ಬರೆದ ಅರ್ಜಿ. ಇದನ್ನು ಒಪ್ಪಿಕೊಳ್ಳಲು ಗಾಲಿಬನ ಅಭಿಮಾನಿಗಳಿಗೆ ಸಂಕಟವಾಗುತ್ತದೆ. ಸಂಕಟಪಡುವಂಥದ್ದೇನೂ ಇಲ್ಲ, ಆ ವರ್ಷ ದೆಹಲಿಯಲ್ಲಿ ಬದುಕಿ ಉಳಿದವರೆಲ್ಲ ಒಂದಲ್ಲ ಒಂದು ಅರ್ಜಿ ಬರೆಯುತ್ತಿದ್ದರು.

ದೆಹಲಿಯಲ್ಲಿ ನೆಚ್ಚಬಹುದಾದ ಅಚ್ಚುಕೂಟ ಉಳಿದಿರಲಿಲ್ಲವಾದ್ದರಿಂದ ಕೆಲಸ ಆಗ್ರಾಕ್ಕೆ ಹೋಯಿತು, ಮುನ್ಶಿ ಶಿವನಾರಾಯಣ ಆರಾಮ್ ನಡೆಸುತ್ತಿದ್ದ ಮುಫೀದ್-ಎ-ಖಲಾಯಿಕ್ ಮುದ್ರಣಾಲಯಕ್ಕೆ. ಗಾಲಿಬ್ ದೆಹಲಿ ಬಿಟ್ಟು ಕದಲಲಿಲ್ಲ. ಶಿಷ್ಯ ಹರಗೋಪಾಲ್ ತಫ್ತಾ, ಗೆಳೆಯರಾದ ಮೆಹರ್ ಮತ್ತು ನಬೀ ಬಕ್ಷ್ ಹಕೀರ್ ಅವನ ಪರವಾಗಿ ಓಡಾಡಿದರು. ಅವನು ಕುಳಿತಲ್ಲಿಂದಲೇ ಅಂಚೆಯ ಮೂಲಕ ಅವರೆಲ್ಲರನ್ನೂ ಓಡಾಡಿಸಿದ ಎಂದರೂ ಆದೀತು. ಕಾಗದ ಹೇಗಿರಬೇಕು, ಯಾವ ಪ್ರತಿಗೆ ಯಾವ ಅಲಂಕಾರ, ರಟ್ಟು ಯಾರು ಕಟ್ಟಬೇಕು ಎಂದು ಪತ್ರದ ಮೇಲೆ ಪತ್ರ. ಇಂದೋರಿನ ರಾಯ್ ಉಮೇದ್ ಸಿಂಗ್ 50 ಪ್ರತಿ ಕೊಳ್ಳಲು ಮುಂದಾದದ್ದು ಮುದ್ರಣಕ್ಕೆ ಆಸರೆಯಾಯಿತು. ರಾಣಿಗೆ, ಗವರ್ನರ್ ಜನರಲ್‌ಗೆ, ದೊಡ್ಡ ಅಧಿಕಾರಿಗಳಿಗೆ ಕಳಿಸುವ ಕೆಲವು ಪ್ರತಿಗಳಿಗೆ ಚಿನ್ನದ ಗೆರೆಯ ವೈಭವ ಬೇಕಾಗಿತ್ತು. ಗಾಲಿಬನ ನಿದ್ದೆಗೆಡಿಸಿದ್ದು ಈ ಕೆಲವು ಪ್ರತಿಗಳೇ.

ಅದರ ನಡುವೆ ಬಂತು ಹೆಸರಿನ ರಗಳೆ. ಆಗ್ರಾದಿಂದ ಬಂದ ಲಕೋಟೆಯೊಂದರ ಮೇಲೆ ಶಿವನಾರಾಯಣ ‘ಮಿರ್ಜಾ ನೌಶಾ ಸಾಹೇಬ್ ಗಾಲಿಬ್’ ಎಂದು ಬರೆದಿದ್ದ. ಮಿರ್ಜಾ ನೌಶಾ ಎಂಬುದು ಮನೆಯಲ್ಲಿ, ಬೀದಿಯಲ್ಲಿ ಕರೆಯುವ ಹೆಸರು. ಗಾಲಿಬ್ ಹೌಹಾರಿದ. ತಫ್ತಾಗೆ ಬರೆದ: ಇದನ್ನೇ ಪುಸ್ತಕದ ಮೊದಲ ಪುಟದಲ್ಲೂ ಹಾಕಿಬಿಟ್ಟಾನು ಎಂದು ಭಯವಾಗುತ್ತಿದೆ. ನನ್ನ ಒಂದು ಮುದ್ರಿತ ಪುಸ್ತಕವೂ ಆ ಊರಿಗೆ ತಲಪಿಲ್ಲವೇ, ನೀನಾದರೂ ನನ್ನ ಹೆಸರು ಹೇಳಬಾರದಿತ್ತೇ? ದೆಹಲಿಯ ಅಧಿಕಾರಿಗಳಿಗೆ ಈ ಅಡ್ಡಹೆಸರು ಗೊತ್ತು, ಕಲ್ಕತ್ತೆಯಿಂದ ವಿಲಾಯತಿಯವರೆಗೆ, ಮಂತ್ರಿಗಳ ಕಚೇರಿಯಲ್ಲಾಗಲಿ ರಾಣಿಯ ಸನ್ನಿಧಿಯಲ್ಲಾಗಲಿ ಅದು ಯಾರಿಗೂ ಗೊತ್ತಿಲ್ಲ. ಹಾಗೆ ಅಚ್ಚಾದರೆ ನಾನು ಕೆಟ್ಟೆ, ಪುಸ್ತಕ ಬೇರೆ ಯಾರದೋ ಆದಂತಾಯಿತು. ಮೇಲ್ನೋಟಕ್ಕೆ ಇದು ಕವಿಯ ಜಂಬ. ನಿಜಕ್ಕೂ ಇದು ಅರ್ಜಿದಾರನ ಆತಂಕ: ಕಡತದಲ್ಲಿರುವ ಹೆಸರೂ ಪುಸ್ತಕದ ಮೇಲಿನ ಹೆಸರೂ ಹೊಂದದಿದ್ದರೆ ಪಿಂಚಣಿ ಯಾರಿಗೆ ಬರಬೇಕು?

ಅಷ್ಟರಲ್ಲಿ ಅಪ್ಪಟ ಪಾರಸಿಯ ನಡುವೆ ಅರಬ್ಬಿ ಪದವೊಂದು ನುಸುಳಿದ್ದು ಗಾಲಿಬನಿಗೇ ಹೊಳೆಯಿತು. ತಕ್ಷಣ ಆಗ್ರಾಕ್ಕೆ ಓಲೆ ಓಡಿತು, ಅದನ್ನು ಚಾಕುವಿನಿಂದ ಕೆರೆದು ಬೇರೆ ಪದ ಬರೆಯಿರಿ ಎಂದು.

ಈ ಕೆರೆಯುವ ಮಾತು ಅರ್ಥವಾಗಬೇಕಾದರೆ ಆಗಿನ ಮುದ್ರಣ ಹೇಗಿತ್ತೆಂದು ಗೊತ್ತಿರಬೇಕು. ಉರ್ದು, ಪಾರಸಿಗಳಿಗೆ ಬಳಸುತ್ತಿದ್ದದ್ದು ಕಲ್ಲಚ್ಚು. ಕಾತಿಬ್, ಅಂದರೆ ಲಿಪಿಕಾರ, ವಿಶೇಷ ಶಾಯಿಯಲ್ಲಿ ಪುಟವನ್ನು ಕೈಯಿಂದ ಬರೆಯುತ್ತಿದ್ದ. ಅದನ್ನು ಕಲ್ಲಿಗೆ ಇಳಿಸಿ ಪ್ರತಿ ತೆಗೆಯುತ್ತಿದ್ದರು. ಮಂಗಳೂರಿನ ಬಾಸೆಲ್ ಮಿಷನ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಶುರುಮಾಡಿದ್ದೂ ಕಲ್ಲಚ್ಚಿನಲ್ಲೇ. ಕನ್ನಡ ಬೇಗ ಮೊಳೆಯಚ್ಚಿಗೆ ಹೊರಳಿತು. ಉರ್ದುವಿನ ನಸ್ತಾಲೀಕ್ ಬರಹದ ಇಳಿಜಾರು, ಬಳುಕು ಮೊಳೆಗಳಿಗೆ ಒಗ್ಗಲಿಲ್ಲ, ಓದುಗರ ಕಣ್ಣಿಗೂ ಹಿಡಿಸಲಿಲ್ಲ. ಹಾಗಾಗಿ ಪುಸ್ತಕದ ಹಣೆಬರಹ ನಿಂತಿದ್ದದ್ದು ಕೂಲಿಗೆ ಬರೆಯುವ ಕಾತಿಬನ ಕೈಯಲ್ಲಿ. ಕವಿ ತಿದ್ದಿದ್ದನ್ನು ಆತ ಮರೆತರೆ ಅಥವಾ ಬೇಸರಪಟ್ಟರೆ ಮುಗಿಯಿತು. ತಫ್ತಾ ತನ್ನ ಸಂಕಲನವೊಂದನ್ನು ಕೈಯಿಂದ ಹಣ ಹಾಕಿ ಅಚ್ಚುಮಾಡಿಸಿ ಗುರುವಿಗೆ ಕಳಿಸಿದಾಗ ಗಾಲಿಬ್ ಮುಲಾಜಿಲ್ಲದೆ ಬರೆದ: ದುಡ್ಡನ್ನೂ ಕಳೆದುಕೊಂಡೆ, ನಿನ್ನ ಕಲ್ಪನೆಯನ್ನೂ ನನ್ನ ತಿದ್ದುಪಡಿಯನ್ನೂ ಮುಳುಗಿಸಿದೆ. ಈ ಅಕ್ಷರಗಳಲ್ಲಿ ನಿನ್ನ ಪದ್ಯ ಹೇಗೆ ಕಾಣುತ್ತದೆಂದು ತಿಳಿಯಬೇಕಾದರೆ ಈಗ ದೆಹಲಿಯಲ್ಲಿ ಅಲೆಯುತ್ತಿರುವ ಕೋಟೆಯ ಬೇಗಂಗಳನ್ನು ನೋಡಬೇಕಿತ್ತು, ಮುಖ ಹುಣ್ಣಿಮೆಯ ಚಂದ್ರ, ಬಟ್ಟೆ ಕೊಳೆ, ಚಪ್ಪಲಿ ಹರಿದದ್ದು. ಕೆಟ್ಟ ಮುದ್ರಣವನ್ನು ಬೈಯುತ್ತ ಬೈಯುತ್ತ ಊರಿನ ದುರಂತವನ್ನು ಒಂದು ವಾಕ್ಯದಲ್ಲಿ ಹೇಳಿಬಿಡುವುದು ಅವನಿಗೆ ಮಾತ್ರ ಸಾಧ್ಯ.

‘ದಸ್ತಂಬೂ’ 1858ರ ನವೆಂಬರಿನಲ್ಲಿ ಹೊರಬಂತು. ಆಡಳಿತ ಕಂಪನಿಯಿಂದ ರಾಣಿಯ ಕೈಗೆ ಹೋದ ಘೋಷಣೆ ಬಂದದ್ದೂ ಅದೇ ತಿಂಗಳು. ಪಿಂಚಣಿ ಮತ್ತೆ ಶುರುವಾದದ್ದು 1860ರ ಮೇ ತಿಂಗಳಲ್ಲಿ, ದರ್ಬಾರಿನ ಗೌರವ ಮರಳಿದ್ದು 1863ರಲ್ಲಿ. ಇದರಲ್ಲಿ ಪುಸ್ತಕದ ಪಾಲು ಎಷ್ಟೆಂದು ಅಳೆಯಲಾಗದು. ನನಗಂತೂ ಹೆಚ್ಚಿರಲಾರದು ಅನ್ನಿಸುತ್ತದೆ.

ಈ ವ್ಯವಹಾರದಲ್ಲಿ ಗಾಲಿಬನಿಗೆ ಸಿಕ್ಕ ನಿಜವಾದ ಲಾಭ ಶಿವನಾರಾಯಣ. ಮೊದಮೊದಲು ಮರ್ಯಾದೆಯ ಬಿಗಿ ಒಕ್ಕಣೆಯಲ್ಲಿ ಬರೆಯುತ್ತಿದ್ದ ಗಾಲಿಬನಿಗೆ, ಈತ ತನ್ನ ಬಾಲ್ಯದ ಗೆಳೆಯ ಬನ್ಸೀಧರನ ಮೊಮ್ಮಗ ಎಂದು ನಡುವೆ ತಿಳಿಯಿತು. ಒಕ್ಕಣೆ ಒಮ್ಮೆಗೇ ‘ಕಣ್ಣ ಬೆಳಕೇ’ ಎಂದು ಬದಲಾಯಿತು. ಅಜ್ಜನ ಜೊತೆ ಆಗ್ರಾದಲ್ಲಿ ಚದುರಂಗ ಆಡಿದ್ದು, ಆ ಓಣಿಯ ಮಹಡಿಗಳಿಂದ ಗಾಳಿಪಟ ಹಾರಿಸಿದ್ದು ಎಲ್ಲವೂ ಪತ್ರದಲ್ಲಿ ಬಂದವು. ಮುದ್ರಕನಿಗೆ ಬರೆದ ವ್ಯವಹಾರದ ಕಾಗದದಲ್ಲಿ ಕವಿಯ ಬಾಲ್ಯ ಸಿಕ್ಕಿದ್ದು ಹೀಗೆ.

ಆ ಸಲಿಗೆಗೂ ಏಟು ಬಿತ್ತು. 1860ರಲ್ಲಿ ರಾಂಪುರಕ್ಕೆ ಹೋಗಿದ್ದಾಗ ಗಾಲಿಬ್ ಅಲ್ಲಿನ ನವಾಬರ ಬಳಿಯಿದ್ದ ದಿವಾನ್‌ನ ನಕಲು ಮಾಡಿಸಿಕೊಂಡ. ಅದನ್ನು ಮೊದಲು ಮೀರತ್‌ನ ಒಬ್ಬರಿಗೆ ಕೊಟ್ಟು, ಆಮೇಲೆ ಹಿಂದಕ್ಕೆ ಪಡೆದು ಶಿವನಾರಾಯಣನಿಗೆ ಒಪ್ಪಿಸಿದ. ಅಷ್ಟರಲ್ಲಿ ದೆಹಲಿಯ ಅಹ್ಮದಿ ಮುದ್ರಣಾಲಯ ತಾನೇ ಹೊರತಂದಿತು. ಅದೇ ಆರಂಭದಲ್ಲಿ ಹೇಳಿದ ತಪ್ಪುಗಳ ಗುಡ್ಡೆ. ಆಗ್ರಾದಲ್ಲಿ ಮುನಿಸು, ದೆಹಲಿಯಿಂದ ಸಮಾಧಾನದ ಪತ್ರ. ತಿದ್ದಿದ ಪ್ರತಿ ಕಾನ್ಪುರದ ನಿಜಾಮಿ ಮುದ್ರಣಾಲಯದಲ್ಲಿ 1862ರಲ್ಲಿ ಅಚ್ಚಾಯಿತು. ಶಿವನಾರಾಯಣನ ಮುದ್ರಣ ಬಂದದ್ದು 1863ರಲ್ಲಿ. ಮೂರು ವರ್ಷಗಳಲ್ಲಿ ಮೂರು ಊರು, ಮೂರು ಮುದ್ರಣ. ಕೊಳ್ಳುವವರಿಲ್ಲದೆ ಇಷ್ಟು ಪೈಪೋಟಿ ನಡೆಯುವುದಿಲ್ಲ.

ಹಾಗಿದ್ದರೆ ದುಡ್ಡು ಎಲ್ಲಿ? ಗ್ರಂಥಸ್ವಾಮ್ಯದ ಕಾಯಿದೆ ಕಂಪನಿಯ ಆಳ್ವಿಕೆಯಲ್ಲಿ 1847ರಲ್ಲೇ ಬಂದಿತ್ತು. ಆದರೆ ಗಾಲಿಬನ ಪತ್ರಗಳಲ್ಲಿ ಹಕ್ಕಿನ ಮಾತು ಬಂದರೆ ಅದು ಗ್ರಂಥಕರ್ತನಿಗೆ ಸಲ್ಲುವ ಪ್ರತಿಗಳ ಹಕ್ಕು. ಪುಸ್ತಕ ಮಾರಿ ಬದುಕುವವನು ಮುದ್ರಕ. ಕವಿ ಬದುಕುವುದು ಕೊಡುಗೈಯವರಿಂದ ಎಂಬುದು ಅವನ ತಿಳಿವಳಿಕೆ. 1863ರಲ್ಲಿ ಅವನ ಪಾರಸಿ ಸಮಗ್ರ ಕಾವ್ಯವನ್ನು ಹೊರತಂದ ಲಖನೌದ ನವಲ್ ಕಿಶೋರ್ ದೆಹಲಿಗೆ ಬಂದು ಭೇಟಿಯಾದಾಗ, ರೂಪದಲ್ಲಿ ಶುಕ್ರ, ಗುಣದಲ್ಲಿ ಗುರು ಎಂದು ಕೊಂಡಾಡಿ ಬರೆದ. ದೊಡ್ಡ ಬಂಡವಾಳದ ಪ್ರಕಾಶಕನ ಯುಗ ಶುರುವಾಗಿತ್ತು. ಗಾಲಿಬ್ ಅವನನ್ನು ಕಂಡದ್ದು ಹಳೆಯ ಪೋಷಕರನ್ನು ಕಾಣುವ ಕಣ್ಣಿನಿಂದಲೇ.

ಮಾರುಕಟ್ಟೆಯ ವಾಸನೆ ಅವನಿಗಿಂತ ಮೊದಲು ಹಿಡಿದವರು ಶಿವನಾರಾಯಣ ಮತ್ತು ತಫ್ತಾ. 1858ರ ನವೆಂಬರಿನಲ್ಲೇ ಅವನ ಉರ್ದು ಪತ್ರಗಳನ್ನು ಅಚ್ಚುಹಾಕುತ್ತೇವೆಂದು ಕೇಳಿದರು. ಗಾಲಿಬ್ ಖಡಾಖಂಡಿತವಾಗಿ ಬೇಡವೆಂದ. ಕೆಲವನ್ನಷ್ಟೇ ಲೇಖನಿ ಬಿಗಿಹಿಡಿದು ಬರೆದದ್ದು, ಉಳಿದವು ಸುಮ್ಮನೆ ಗೀಚಿದವು, ಪ್ರಕಟವಾದರೆ ತನ್ನ ಕೀರ್ತಿಗೆ ಕುಂದು ಎಂಬುದು ಕಾರಣ. ಮಕ್ಕಳಂತೆ ಹಟ ಹಿಡಿಯಬೇಡ ಎಂದು ತಫ್ತಾನನ್ನು ಗದರಿಸಿದ. ತನ್ನ ಅಮರತ್ವ ಪಾರಸಿಯಲ್ಲಿದೆ ಎಂದು ಕೊನೆಯವರೆಗೂ ನಂಬಿದ್ದವನಿಗೆ ಈ ಉರ್ದು ಚೀಟಿಗಳು ಸಾಹಿತ್ಯವೆನಿಸಲೇ ಇಲ್ಲ. ಕೆಲವು ವರ್ಷ ಕಳೆದ ಮೇಲೆ ಒಪ್ಪಿದ. ಪತ್ರಗಳ ಮೊದಲ ಸಂಗ್ರಹ ‘ಊದ್-ಎ-ಹಿಂದಿ’ 1868ರ ಅಕ್ಟೋಬರಿನಲ್ಲಿ ಮೀರತ್‌ನಿಂದ ಬಂತು. 1869ರ ಫೆಬ್ರವರಿ 15ರಂದು ಗಾಲಿಬ್ ತೀರಿಕೊಂಡ. ಎರಡನೆಯ ಸಂಗ್ರಹ ‘ಉರ್ದು-ಎ-ಮುಅಲ್ಲಾ’ ಮಾರ್ಚ್ 6ರಂದು ದೆಹಲಿಯಲ್ಲಿ ಅಚ್ಚಾಗಿ ಮುಗಿಯಿತು.

ರಾಂಪುರದ ನವಾಬರಿಗೆ ಬರೆದವು ಮಾತ್ರ ಅರಮನೆಯ ಕಡತಗಳಲ್ಲೇ ಉಳಿದು, 1937ರಲ್ಲಿ ಇಮ್ತಿಯಾಜ್ ಅಲಿ ಅರ್ಶಿ ಅವರ ಸಂಪಾದನೆಯಲ್ಲಿ ಬೆಳಕು ಕಂಡವು. 1859ರಿಂದ ಅವನ ಸಂಸಾರ ನಡೆದದ್ದು ಆ ನವಾಬರು ಕೊಡುತ್ತಿದ್ದ ತಿಂಗಳ 100 ರೂಪಾಯಿಯ ಆಸರೆಯಲ್ಲಿ. ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಹುಂಡಿ (ಹಣ ಪಾವತಿಯ ಚೀಟಿ) ತಲಪಿದ ರಸೀತಿ, ಸಾಲದ ಹೊರೆ, ಇನ್ನಷ್ಟು ನೆರವಿನ ಬೇಡಿಕೆ.