ನಲವತ್ತು ದಿನದ ಕೋಳಿಯ ಹಿಂದಿನ ನಾಲ್ಕು ವರ್ಷ

ಯುಗಾದಿಯ ಮರುದಿನ ಹೊಸತೊಡಕು. ಹಳೆ ಮೈಸೂರು ಸೀಮೆಯಲ್ಲಿ ಅಂದು ಬೆಳಕು ಹರಿಯುವ ಮುನ್ನವೇ ಮಾಂಸದಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ಆ ಸಾಲಿನ ಕೊನೆಯಲ್ಲಿ ಕೈಗೆ ಸಿಗುವ ಫಾರಂ ಕೋಳಿಯ ಲೆಕ್ಕವನ್ನು ಹಿಂದಕ್ಕೆ ಹಾಕಿ ನೋಡಿ. ಎರಡು ಕಿಲೋ ತೂಗಲು ಅದಕ್ಕೆ ಸುಮಾರು 40 ದಿನ ಸಾಕು. ಮೊಟ್ಟೆ ಮರಿಯಾಗಲು 21 ದಿನ. ಅಂದರೆ ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಖಾಲಿಯಾಗುವ ಹೊತ್ತಿಗೆ ಆ ಮೊಟ್ಟೆ ಹ್ಯಾಚರಿಯ ಕಾವುಪೆಟ್ಟಿಗೆ ಸೇರಿರಬೇಕು. ಮೊಟ್ಟೆಯಿಟ್ಟ ತಾಯಿಕೋಳಿಗೆ ಆಗ ಕನಿಷ್ಠ ಆರು ತಿಂಗಳಾಗಿರಬೇಕು. ತಾಯಿಯ ಹಿಂದೊಬ್ಬಳು ಅಜ್ಜಿ, ಅಜ್ಜಿಯ ಹಿಂದೊಬ್ಬಳು ಮುತ್ತಜ್ಜಿ. ತಳಿ ಕಂಪನಿಯೊಂದು ತನ್ನ ಮೂಲ ಹಿಂಡಿನಲ್ಲಿ ಇಂದು ಆರಿಸಿಕೊಂಡ ಗುಣ ಅಂಗಡಿಯ ತಕ್ಕಡಿಗೆ ಬರಲು ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ, ಅದಕ್ಕೇ ಅಷ್ಟು ಬೇಗ ಊದಿಕೊಳ್ಳುತ್ತದೆ ಎಂಬ ಮಾತು ನಮ್ಮಲ್ಲಿ ಸಾಯುವುದೇ ಇಲ್ಲ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಹೋಗುತ್ತದೆ. ಚುಚ್ಚುವುದಾದರೆ ಐದು ಸಾವಿರ ಕೋಳಿಗಳನ್ನು ಮತ್ತೆ ಮತ್ತೆ ಹಿಡಿದು ಚುಚ್ಚಬೇಕು. ಕಿಲೋಗೆ ಕೆಲವೇ ರೂಪಾಯಿ ಉಳಿಯುವ ಕಸುಬಿನಲ್ಲಿ ಅಂಥ ಖರ್ಚು ಮಾಡುವವರಾರು? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 1978ರ ತಳಿಗಳನ್ನು ಮಾರ್ಪಡಿಸದೆ ಹಾಗೆಯೇ ಉಳಿಸಿಕೊಂಡು ಬಂದಿದ್ದರು. ಅವುಗಳ ಜೊತೆ 2005ರ ತಳಿಯೊಂದನ್ನು ಸೇರಿಸಿ, ಮೂರಕ್ಕೂ ಒಂದೇ ಮೇವು ಕೊಟ್ಟು ಸಾಕಿದರು. 56ನೆಯ ದಿನ 1957ರ ಕೋಳಿ ತೂಗಿದ್ದು 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ವೇಗವನ್ನು ಹೊರಗಿನಿಂದ ಸೇರಿಸಬೇಕಿಲ್ಲ, ಅದು ಮೊಟ್ಟೆಯೊಳಗೇ ಇದೆ. ನನಗಂತೂ ಹಾರ್ಮೋನ್ ವದಂತಿಗಿಂತ ಈ ನಿಜವೇ ಹೆಚ್ಚು ಕಸಿವಿಸಿ ತರುತ್ತದೆ. ಸೂಜಿಯನ್ನಾದರೆ ನಿಷೇಧಿಸಬಹುದಿತ್ತು.

ಈ ಓಟಕ್ಕೆ ದಿಕ್ಕು ಕೊಟ್ಟದ್ದು ಅಮೆರಿಕ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ದೊಡ್ಡ ದಿನಸಿ ಮಳಿಗೆಗಳ ಸಂಸ್ಥೆ ಎ ಅಂಡ್ ಪಿ, ಕೃಷಿ ಇಲಾಖೆಯ ಜೊತೆಗೂಡಿ 'ನಾಳೆಯ ಕೋಳಿ' ಎಂಬ ಸ್ಪರ್ಧೆ ನಡೆಸಿತು. 1948ರಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯಾದ ವ್ಯಾಂಟ್ರೆಸ್ ಕುಟುಂಬದ ಮಿಶ್ರತಳಿ. ಅದರ ಒಂದು ಕಡೆಯ ರಕ್ತ ಕಾರ್ನಿಷ್ ತಳಿಯದು. ಆ ಕಾರ್ನಿಷ್ ಕೋಳಿಯನ್ನು ಇಂಗ್ಲೆಂಡಿನಲ್ಲಿ ರೂಪಿಸುವಾಗ ಬಳಸಿದ್ದು ನಮ್ಮ ಕಾಳಗದ ಹುಂಜ ಅಸೀಲ್ ಅನ್ನು. ಎದೆ ಅಗಲವಾದ ಈ 'ವಿದೇಶಿ' ಕೋಳಿ ಅಷ್ಟೇನೂ ವಿದೇಶಿಯಲ್ಲ ಅನ್ನಿ. ಕಾಬ್-ವ್ಯಾಂಟ್ರೆಸ್ ಕಂಪನಿಯ ಹೆಸರಿನಲ್ಲಿ ಆ ಕುಟುಂಬ ಇಂದಿಗೂ ಉಳಿದಿದೆ. ಭಾರತಕ್ಕೆ ಕಾಬ್ ತಳಿ ಬಂದದ್ದು ಬಿ.ವಿ. ರಾವ್ ಅವರು ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್ ಮೂಲಕ. ಕಂಪನಿ ಮರಿ ಕೊಟ್ಟು ರೈತರಿಂದ ಸಾಕಿಸುವ ಒಪ್ಪಂದದ ಸಾಕಣೆಯನ್ನು ದಕ್ಷಿಣದಲ್ಲಿ ಊರೂರಿಗೆ ಹಬ್ಬಿಸಿದ ಹೆಸರುಗಳಲ್ಲಿ ಕೊಯಮತ್ತೂರಿನ ಸುಗುಣ ಕಂಪನಿ ಮುಖ್ಯವಾದುದು.

ಇನ್ನು ಶೆಡ್ಡಿನೊಳಕ್ಕೆ ಹೋಗೋಣ. ಮೊಟ್ಟೆಯಿಂದ ಹೊರಬರುವ ಮುನ್ನ ಮರಿ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದ ಎರಡು ದಿನವಾದರೂ ಅದು ನೀರು ಮೇವಿಲ್ಲದೆ ಬದುಕಬಲ್ಲದು. ಹ್ಯಾಚರಿಯಿಂದ ನೂರಾರು ಕಿಲೋಮೀಟರ್ ದೂರಕ್ಕೆ ಮರಿಗಳನ್ನು ಸಾಗಿಸುವ ಇಡೀ ವ್ಯಾಪಾರ ನಿಂತಿರುವುದು ಈ ಹಳದಿಯ ಮೇಲೆ. ಬಂದ ಮರಿಗಳಿಗೆ ಮೊದಲು ಬೆಲ್ಲದ ನೀರು ಕುಡಿಸುವ ರೂಢಿಯಿದೆ. ನೆಲದ ಮೇಲೆ ಭತ್ತದ ಹೊಟ್ಟು, ತಲೆಯ ಮೇಲೆ ಕಾವಿನ ದೀಪ. ಮೊದಲ ವಾರ ಅವಕ್ಕೆ 32ರಿಂದ 34 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾರೆ. ಅನುಭವಿ ಸಾಕಣೆದಾರರು ಥರ್ಮಾಮೀಟರ್‌ಗಿಂತ ಮರಿಗಳನ್ನೇ ನಂಬುತ್ತಾರೆ. ದೀಪದಡಿ ಒಂದರ ಮೇಲೊಂದು ಬಿದ್ದರೆ ಚಳಿ, ಅಂಚಿಗೆ ಓಡಿ ಕೊಕ್ಕು ತೆರೆದರೆ ಸೆಕೆ. ಮೊದಲ ವಾರದಲ್ಲಿ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಕಣ್ಣಿಗೆ ಒಂದೊಂದು ಹನಿ ಹಾಕುತ್ತಾರೆ, ಎರಡನೆಯ ವಾರದಲ್ಲಿ ಗುಂಬೊರೊ ಎಂಬ ಇನ್ನೊಂದು ವೈರಾಣು ರೋಗದ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಆ ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸುವುದು ಪೌಷ್ಟಿಕತೆಗಲ್ಲ. ನೀರಿನ ಕ್ಲೋರಿನ್ ಲಸಿಕೆಯ ವೈರಾಣುವನ್ನು ಕೊಲ್ಲದಿರಲಿ ಎಂದು.

ಮೇವೆಂದರೆ ಮುಖ್ಯವಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಅವುಗಳಲ್ಲಿ ಸಾಲದೆ ಬರುವ ಮೆಥಿಯೋನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳನ್ನು ಬೇರೆಯಾಗಿ ಬೆರೆಸುತ್ತಾರೆ. ಒಂದು ಕಿಲೋ ತೂಕಕ್ಕೆ ಸುಮಾರು 1.6 ಕಿಲೋ ಮೇವು ಸಾಕು. ಕುರಿ, ಹಂದಿ ಯಾವುದೂ ಈ ಲೆಕ್ಕದ ಹತ್ತಿರಕ್ಕೆ ಬರುವುದಿಲ್ಲ. ಕೋಳಿಮಾಂಸ ಬಡವರ ತಟ್ಟೆಗೂ ಇಳಿದದ್ದು ಇದರಿಂದಲೇ. ಈ ಉಪಕಾರವನ್ನು ಮರೆತು ಬೈಯುವುದು ಸುಲಭ.

ಆದರೆ ವೇಗಕ್ಕೆ ದಂಡ ತೆರುವುದು ಕೋಳಿಯ ದೇಹ. ಮಾಂಸಖಂಡ ಬೆಳೆದಷ್ಟು ಬೇಗ ಹೃದಯ, ಶ್ವಾಸಕೋಶ ಬೆಳೆಯುವುದಿಲ್ಲ. ಹೃದಯ ಸೋತು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಚೆನ್ನಾಗಿ ತಿನ್ನುತ್ತಿದ್ದ ಕೋಳಿ ಇದ್ದಕ್ಕಿದ್ದಂತೆ ಅಂಗಾತ ಬಿದ್ದು ಸಾಯುತ್ತದೆ. ಕೆಲವಕ್ಕೆ ಮೈಭಾರ ಹೊರಲು ಕಾಲು ಸಾಲದು. ತಳಿ ಕಂಪನಿಗಳು ಈಗ ಕಾಲಿನ ಬಲವನ್ನೂ ರಕ್ತದ ಆಮ್ಲಜನಕವನ್ನೂ ಅಳೆದು ಆಯ್ಕೆ ಮಾಡುತ್ತವೆ. ಇನ್ನೂ ವಿಚಿತ್ರವೆಂದರೆ ಈ ಮರಿಗಳ ತಂದೆತಾಯಿಗಳ ಪಾಡು. ಅವುಗಳ ಹಸಿವೂ ಮಕ್ಕಳ ಹಸಿವಿನಷ್ಟೇ. ಹೊಟ್ಟೆ ತುಂಬ ಹಾಕಿದರೆ ಕೊಬ್ಬಿ ಮೊಟ್ಟೆ ಕಡಿಮೆಯಾಗುತ್ತದೆ, ಬೇಗ ಸಾಯುತ್ತವೆ. ಹಾಗಾಗಿ ಅವುಗಳನ್ನು ಅಳತೆಯ ಮೇವಿನಲ್ಲಿ, ಹಸಿವಿನಲ್ಲೇ ಸಾಕಬೇಕು. ಗ್ರಾಹಕನ ಕಣ್ಣಿಗೆ ಎಂದೂ ಬೀಳದ ಈ ಹಿಂಡು ಇಡೀ ಉದ್ಯಮದ ಅತಿ ದೊಡ್ಡ ನೈತಿಕ ತೊಡಕೆಂದು ನನ್ನೆಣಿಕೆ.

ನಮ್ಮ ಬಿಸಿಲಿನಲ್ಲಿ ಇನ್ನೊಂದು ಕಷ್ಟ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಏದುಸಿರಿನಿಂದಲೇ ಮೈ ತಣಿಯಬೇಕು. ಹೆಚ್ಚು ಏದಿದರೆ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಾಯುವುದು ಹೆಚ್ಚಾಗಿ ಮಾರಾಟಕ್ಕೆ ಸಿದ್ಧವಾದ ದಪ್ಪ ಕೋಳಿಗಳೇ. ಜೀರ್ಣಕ್ರಿಯೆಯೂ ಬಿಸಿ ಹುಟ್ಟಿಸುವುದರಿಂದ ನಡು ಮಧ್ಯಾಹ್ನ ಮೇವಿನ ತಟ್ಟೆಗಳನ್ನು ಮೇಲಕ್ಕೆತ್ತಿಬಿಡುತ್ತಾರೆ, ಚಾವಣಿಯ ಮೇಲೆ ನೀರು ಚಿಮುಕಿಸುತ್ತಾರೆ.

ಹಾರ್ಮೋನಿನ ಬದಲು ಜನ ಕೇಳಬೇಕಾದದ್ದು ಆ್ಯಂಟಿಬಯೋಟಿಕ್ ಬಗ್ಗೆ. ಅಲ್ಪ ಪ್ರಮಾಣದಲ್ಲಿ ದಿನವೂ ಕೊಟ್ಟರೆ ಬೆಳವಣಿಗೆ ಹೆಚ್ಚುತ್ತದೆ ಎಂಬುದು 1950ರ ಹೊತ್ತಿಗೇ ಗೊತ್ತಾಗಿತ್ತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದಕ್ಕೂ ಅದೇ ದಾರಿ. ಐರೋಪ್ಯ ಒಕ್ಕೂಟ 2006ರಲ್ಲಿ ಈ ಪದ್ಧತಿಯನ್ನು ಪೂರ್ತಿ ನಿಲ್ಲಿಸಿತು. ಮನುಷ್ಯರ ಕೊನೆಯ ಅಸ್ತ್ರಗಳಲ್ಲೊಂದಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಭಾರತ ಆಹಾರದ ಪ್ರಾಣಿಗಳಿಗೆ ನಿಷೇಧಿಸಿದ್ದು 2019ರಲ್ಲಿ.

ಬ್ಯಾಚ್ ಹೋದ ಮೇಲೆ ಹಿಕ್ಕೆ ಬೆರೆತ ಹೊಟ್ಟು ತೋಟಗಳಿಗೆ ಗೊಬ್ಬರವಾಗಿ ಮಾರಾಟವಾಗುತ್ತದೆ. ಶೆಡ್ ತೊಳೆದು, ಸುಣ್ಣ ಬಳಿದು, ರೋಗಾಣುಗಳು ಸಾಯಲೆಂದು ಕೆಲವು ದಿನ ಖಾಲಿ ಬಿಡುತ್ತಾರೆ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು, ಔಷಧ ಕಂಪನಿಯದು. ಶೆಡ್, ಕರೆಂಟು, ನೀರು, ದುಡಿಮೆ ರೈತರದು. ಕೂಲಿ ಕಿಲೋ ಲೆಕ್ಕದಲ್ಲಿ. ಮುಂದಿನ ಮರಿ ಯಾವಾಗ ಬರಬೇಕೆಂದು ತೀರ್ಮಾನಿಸುವುದೂ ಕಂಪನಿಯೇ. ಶ್ರಾವಣದಲ್ಲಿ ಮಾಂಸದ ಬೇಡಿಕೆ ಕುಸಿದರೆ ಮರಿ ತಡವಾಗುತ್ತದೆ, ಶೆಡ್ ಖಾಲಿ ಬಿದ್ದಿರುತ್ತದೆ, ಅದನ್ನು ಕಟ್ಟಲು ಎತ್ತಿದ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಹೊಸದಾಗಿ ಶೆಡ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಕಿಲೋಗೆ ಎಷ್ಟು ಕೊಡುತ್ತೀರಿ ಎಂದು ಕೇಳುತ್ತಾರೆ. ವರ್ಷಕ್ಕೆ ಎಷ್ಟು ಬ್ಯಾಚ್ ಖಾತರಿ ಎಂಬುದನ್ನು ಅದಕ್ಕೂ ಮೊದಲು ಕೇಳಿ ಬರೆಸಿಕೊಳ್ಳಬೇಕು.