ನ್ಯೂಟ್ರಲ್‌ನಲ್ಲೇ ಇತ್ತಲ್ಲ ಸಾರ್!

ಫೋರ್ ವೀಲ್ ಡ್ರೈವ್ ಗಾಡಿ ದಾರಿಯಲ್ಲಿ ಕೆಟ್ಟರೆ, ಮೊದಲು ಸಿಕ್ಕ ಟೋಯಿಂಗ್ ಗಾಡಿಗೆ ಮುಂದಿನ ಚಕ್ರ ಎತ್ತಿಸಿ, ಹಿಂದಿನದನ್ನು ರಸ್ತೆ ಮೇಲೆ ಉರುಳಿಸಿಕೊಂಡು ತರುವವರೇ ಹೆಚ್ಚು. ಹೊರಟಾಗ ಕೆಟ್ಟಿದ್ದದ್ದು ಫ್ಯೂಯೆಲ್ ಪಂಪ್ ಮಾತ್ರ. ಗ್ಯಾರೇಜು ಮುಟ್ಟುವಷ್ಟರಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸೂ ಹೋಗಿರುತ್ತದೆ. ಕೇಳಿದರೆ, "ನ್ಯೂಟ್ರಲ್‌ನಲ್ಲೇ ಇತ್ತಲ್ಲ ಸಾರ್!"

ಇತ್ತು, ಒಪ್ಪೋಣ. ಆದರೆ ಗೇರ್ ಲಿವರಿನ ನ್ಯೂಟ್ರಲ್ ಬಿಡಿಸುವುದು ಎಂಜಿನ್ನಿನ ಸಂಪರ್ಕವನ್ನು ಮಾತ್ರ. ಹಿಂದಿನ ಚಕ್ರ ಉರುಳಿದರೆ ಆಕ್ಸಲ್, ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಅದಕ್ಕೆ ಸೇರಿದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ತಿರುಗಿ, ಆ ತಿರುಗಾಟ ಟ್ರಾನ್ಸ್‌ಫರ್ ಕೇಸಿನ ಒಳಗೂ ಹೋಗುತ್ತದೆ. ಅತ್ತ ಮುಂದಿನ ಶಾಫ್ಟ್ ಅಲುಗದೆ ನಿಂತಿದೆ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯಲ್ಲಿ ನಡುವಿನ ಡಿಫರೆನ್ಷಿಯಲ್ ಇರುವುದು ತಿರುವಿನಲ್ಲಿ ಬರುವ ಚೂರುಪಾರು ವ್ಯತ್ಯಾಸ ತಾಳಲಿಕ್ಕೆ, ಕಿಲೋಮೀಟರುಗಟ್ಟಲೆ ಒಂದೇ ಕಡೆ ತಿರುಗಲಿಕ್ಕಲ್ಲ. ಎರಡೂ ಶಾಫ್ಟನ್ನು ದಪ್ಪ ದ್ರವದ ಮೂಲಕ ಜೋಡಿಸುವ ವಿಸ್ಕಸ್ ಕಪ್ಲಿಂಗ್ ಇದ್ದರೆ ಒಳಗಿನ ಸಿಲಿಕೋನ್ ದ್ರವ ಕಾದು ಬಿಗಿಯಾಗುತ್ತದೆ. ಆಗ ಎತ್ತಿ ಕಟ್ಟಿದ ಮುಂದಿನ ಚಕ್ರವೂ ತಿರುಗಲು ಒದ್ದಾಡುತ್ತದೆ. ಸಾಲದ್ದಕ್ಕೆ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್. ಅದು ನಿಂತಿದ್ದರೆ ಒಳಗೆ ಎಣ್ಣೆ ಓಡುವುದಿಲ್ಲ.

ಆದ್ದರಿಂದ ಫೋನ್ ಮಾಡುವಾಗಲೇ "ಇದು ಫೋರ್ ವೀಲ್ ಡ್ರೈವ್, ಫ್ಲಾಟ್‌ಬೆಡ್ ಬೇಕು" ಎನ್ನಿ, ಅಂದರೆ ಇಡೀ ಗಾಡಿಯನ್ನೇ ಮೇಲೆ ಹೊತ್ತು ತರುವ ಲಾರಿ. ಗಾಡಿಯ ತೂಕ, ಕ್ಯಾರಿಯರ್ ಸೇರಿಸಿ ಎತ್ತರ, ಚಕ್ರ ಉರುಳುತ್ತದೋ ಇಲ್ಲವೋ, ಅದನ್ನೂ ಹೇಳಿ. ಫ್ಲಾಟ್‌ಬೆಡ್ ಸಿಗದಿದ್ದರೆ ಉಳಿದೆರಡು ಚಕ್ರಗಳ ಅಡಿಗೆ ಡಾಲಿ (ಚಕ್ರ ನೆಲ ಮುಟ್ಟದಂತೆ ಹೊರುವ ಪುಟ್ಟ ತಳ್ಳುಗಾಡಿ) ಇರಲೇಬೇಕು.

ಹಳೆಯ ಮಾದರಿಯ ಲಿವರಿನ ಕೆಲವು ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸಿಗೇ ಬೇರೆ ನ್ಯೂಟ್ರಲ್ ಇರುತ್ತದೆ. ಹಾಗೆ ಹಾಕಿ ಎಳೆಯಬಹುದೋ ಇಲ್ಲವೋ, ಎಷ್ಟು ವೇಗ, ಎಷ್ಟು ದೂರ ಎಂಬುದು ಆ ಗಾಡಿಯ ಕೈಪಿಡಿಯಲ್ಲಿದ್ದರೆ ಮಾತ್ರ ನಂಬಿ. ಪಕ್ಕದಲ್ಲಿ ನಿಂತವರ ಮಾತನ್ನಲ್ಲ. ಇನ್ನೊಂದು: ಆ ನ್ಯೂಟ್ರಲ್‌ಗೆ ಬಿದ್ದ ಗಾಡಿ ಪಾರ್ಕ್‌ನಲ್ಲಿದ್ದರೂ ಉರುಳುತ್ತದೆ. ಮೊದಲು ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಗಟ್ಟೆ, ಆಮೇಲೆ ಲಿವರ್.

ಬ್ಯಾಟರಿ ಸತ್ತಿದ್ದರೆ ಆಟೊಮ್ಯಾಟಿಕ್ ಗಾಡಿಯ ಲಿವರ್ ಸಾಮಾನ್ಯವಾಗಿ ಪಾರ್ಕ್‌ನಿಂದ ಹೊರಗೆ ಬರುವುದಿಲ್ಲ. ಬಹಳಷ್ಟು ಗಾಡಿಗಳಲ್ಲಿ ಗೇರ್ ಲಿವರ್ ಪಕ್ಕದ ಸಣ್ಣ ಮುಚ್ಚಳದ ಕೆಳಗೆ ಲಾಕ್ ಬಿಡಿಸುವ ಗುಂಡಿ ಇರುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಹೊರಗಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಬಿಡಿಸಿ. ಬಿಗಿದ ಚಕ್ರವನ್ನು ವಿಂಚ್‌ನಿಂದ (ರೋಪು ಸುತ್ತಿ ಗಾಡಿ ಎಳೆಯುವ ಯಂತ್ರ) ಎಳೆದಾಡಬೇಡಿ.

ವಿಂಚ್ ಕೊಕ್ಕೆ ಹಾಕುವುದು ಟೋ ಐಗೆ, ಅಂದರೆ ಗಾಡಿ ಎಳೆಯಲೆಂದೇ ಇರುವ ಬಳೆಗೆ. ಟೂಲ್ ಕಿಟ್‌ನಲ್ಲಿರುವ ತಿರುಪಿನ ಟೋ ಐ ಕೆಲವು ಗಾಡಿಗಳಲ್ಲಿ ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಯಾವುದೇ ಆದರೂ ತುದಿಯವರೆಗೆ ಬಿಗಿಯಲೇಬೇಕು. ಟ್ರೈಲರ್ ಸಿಕ್ಕಿಸುವ ಚೆಂಡಿನಾಕಾರದ ಟೋ ಬಾಲ್‌ಗೆ ಕೊಕ್ಕೆ ಬೇಡ, ಅದು ಮುರಿದು ಹಾರಿದರೆ ಜೀವ ಹೋಗುತ್ತದೆ. ರೋಪಿನ ನೇರಕ್ಕಂತೂ ಯಾರೂ ನಿಲ್ಲಬಾರದು.

ಗಾಡಿ ಫ್ಲಾಟ್‌ಬೆಡ್ ಹತ್ತಿದ ಮೇಲೆ ನಾಲ್ಕೂ ಟಯರುಗಳನ್ನೇ ಪಟ್ಟಿಯಿಂದ ಬಿಗಿಸಿ. ಚಾಸಿಗೆ ಕಟ್ಟಿದರೆ ಗುಂಡಿ ಬಂದಾಗ ಸಸ್ಪೆನ್ಷನ್ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಕೆಲವು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ, ಇನ್ನೊಮ್ಮೆ ಬಿಗಿಸಿ.